ನೂರಾ ಹದಿನೆಂಟು ಪಾಯಿಂಟ್ ನಾಲ್ಕು

ದಾಕ್ಷಾಯಣಿ: ಇವತ್ತಿಗೆ ಎಂಟು ದಿನ ಆತು, ಅದ ನಂಬರ್. ನೂರಾ ಹದಿನೆಂಟು ಪಾಯಿಂಟ್ ನಾಕು. ಖರೇ ಹೇಳ್ರಿ, ಏನ್ ತಿಂದ್ರಿ?

ಮುರಿಗೆಪ್ಪ: ಎಲ್ಲಾ ಬುಕ್ಕಿನ್ಯಾಗ ಬರದೀನಲ್ಲ. ಎಂಟಕ್ಕ ಬ್ಯಾಳಿಕಟ್ಟು, ನಾಕ್ ಚಮಚ. ಹತ್ತೂವರಿಗೆ ಮಜ್ಜಿಗಿ, ನಾಕ್ ಚಮಚ. ಒಂದಕ್ಕ ಸೋರೆಕಾಯಿ ಸೂಪು...

ದಾಕ್ಷಾಯಣಿ: ಅದು ಬರದದ್ದು. ನಾ ಕೇಳಿದ್ದು ತಿಂದದ್ದು.

ಮುರಿಗೆಪ್ಪನಿಗೆ ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಆಗಿ ಇಪ್ಪತ್ತಮೂರು ದಿನ. ಮೊದಲ ಹದಿನೈದು ದಿನದಲ್ಲಿ ಒಂಬತ್ತು ಕಿಲೋ ಇಳಿದು, ಆಮೇಲೆ ಅಂಕಿ ಅಲ್ಲೇ ನಿಂತಿತ್ತು. ಗದಗಿನ ಕಡೆಯ ಈ ಗಂಡ-ಹೆಂಡತಿ ಶೆಟ್ಟಿಹಳ್ಳಿಗೆ ಬಂದು ಇಪ್ಪತ್ತಾರು ವರ್ಷ. ತಕ್ಕಡಿ ಕಾರ್ಖಾನೆಯೊಂದರಲ್ಲಿ ಮುರಿಗೆಪ್ಪನ ಕೆಲಸ ಒಂದೇ: ತಯಾರಾದ ತಕ್ಕಡಿಯನ್ನು ಪರೀಕ್ಷಿಸಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುವುದು. ಈಗ ಅವನು ನಿಂತಿದ್ದ ತಕ್ಕಡಿಯೂ ಅಲ್ಲಿಯದೇ. ಅದರ ಹಸಿರು ಚೀಟಿಯ ಮೇಲೆ ಅವನದೇ ಸಹಿ ಇತ್ತು.

ದಾಕ್ಷಾಯಣಿ: ನಿನ್ನೆ ಸಂಜಿಕೆ ವಾಕಿಂಗ್ ಅಂತ ಹೋಗಿ ಒಂದೂವರಿ ತಾಸು ಮಾಡಿದ್ರಿ. ಆ ಕಡೆ ಗಿರಮಿಟ್ ಗಾಡಿ ಐತಿ, ನನಗ ಗೊತ್ತಿಲ್ಲೇನು?

ಮುರಿಗೆಪ್ಪ: ಗಾಡಿ ಹತ್ರ ನಿಂತಿದ್ದೆ, ಒಪ್ಕೋತೀನಿ. ಗಾಳಿ ಯಾವ ಕಡೆಯಿಂದ ಬರ್ತೈತಿ ನೋಡಿ, ಆ ಕಡೆ ಮಾರಿ ಮಾಡಿ ನಿಂತಿದ್ದೆ. ವಾಸನಿಗೆ ತೂಕ ಇರಂಗಿಲ್ಲ ದಾಕ್ಷಾ.

ದಾಕ್ಷಾಯಣಿ: ಹೋದ ವರ್ಷ ಡಯಟ್ ಅಂತ ಹೇಳಿ, ಇನ್ವರ್ಟರ್ ಬ್ಯಾಟರಿ ಹಿಂದ ಶೇಂಗಾ ಚಿಕ್ಕಿ ಇಟ್ಟಿದ್ರಲ್ಲ, ಅದಕ್ಕ ತೂಕ ಇತ್ತಿಲ್ಲೋ?

ಮುರಿಗೆಪ್ಪ: ಅದು ಹೋದ ವರ್ಷದ ಹೊಟ್ಟಿ. ಅದನ್ನ ಡಾಕ್ಟರ್ ಕತ್ತರಿಸಿ ತಗದಾರ.

ದಾಕ್ಷಾಯಣಿ: ಬುದ್ಧಿ ಅಲ್ಲೇ ಐತಲ್ಲ! ನಾಳೆ ದವಾಖಾನಿಗೆ ಹೋದಾಗ ಸಬಾ ಮೇಡಂ ಮುಂದ ಎಲ್ಲಾ ಹೇಳಾಕಿ ನಾನು.

ಮುರಿಗೆಪ್ಪನ ಮುಖ ಸಪ್ಪೆಯಾಯಿತು. ಸಬಾ ಆಸ್ಪತ್ರೆಯ ಆಹಾರ ತಜ್ಞೆ. ನಾಳೆ ಅವಳು ಬುಕ್ಕು ನೋಡಿ ಒಪ್ಪಿದರೆ ಇವನು ಸೂಪಿನಿಂದ ಮಿದ್ದ ಇಡ್ಲಿಗೆ ಬಡ್ತಿ ಪಡೆಯುತ್ತಿದ್ದ.

ಮುರಿಗೆಪ್ಪ: ಹಂಗ ಮಾಡಬ್ಯಾಡ. ಮತ್ತ ಎಂಟು ದಿನ ಸೂಪು ಅಂದ್ರ ಹ್ಯಾಂಗ? ನಿನ್ನೆ ಕನಸಿನ್ಯಾಗ ಇಡ್ಲಿ ಬಂದಿತ್ತು.

ದಾಕ್ಷಾಯಣಿ: ಇಪ್ಪತ್ತಾರು ವರ್ಷ ಇಡ್ಲಿ ಅಂದ್ರ ಜ್ವರ ಬಂದವ್ರ ಊಟ ಅಂತಿದ್ರಿ.

ಮುರಿಗೆಪ್ಪ: ಇಡ್ಲಿ ಹೋಗಲಿ ಬಿಡು. ನೀ ನನ್ನ ಕಳ್ಳ ಅಂದಿಯಲ್ಲ, ಅದು ಇಳಿಯವಲ್ದು. ಈಗ ಫೋನ್ ಹಚ್ಚತೀನಿ, ನೀನ ಕೇಳು.

ಅವನು ಫೋನಿನ ಸ್ಪೀಕರ್ ಹಾಕಿದ. ಸಬಾಳ ದನಿಯ ಹಿಂದೆ ಬಸ್ಸಿನ ಹಾರನ್ನೂ ಕೇಳಿಸಿತು.

ಸಬಾ: ಹೇಳಿ ಸರ್. ಸೋರೆಕಾಯಿ ಸೂಪ್ ಸೆಟ್ ಆಯ್ತಾ?

ದಾಕ್ಷಾಯಣಿ: ಸೂಪ್ ಸೆಟ್ ಆಗೇತ್ರಿ, ಇವ್ರು ಆಗಿಲ್ಲ. ಎಂಟು ದಿನ ಆತು, ನೂರು ಗ್ರಾಮ್ ಸೈತ ಇಳದಿಲ್ಲ. ಕದ್ದು ತಿನ್ನಾಕತ್ತಾರ.

ಸಬಾ: ಅಯ್ಯೋ ಆಂಟಿ, ಹಂಗೆಲ್ಲ ಅನ್ಬೇಡಿ. ಮೂರನೇ ವಾರ ತುಂಬಾ ಜನಕ್ಕೆ ತೂಕ ಅಲ್ಲೇ ನಿಂತ್ಬಿಡುತ್ತೆ. ಸ್ವಲ್ಪ ದಿನ ಆದ್ಮೇಲೆ ಮತ್ತೆ ಇಳಿಯುತ್ತೆ. ತಕ್ಕಡೀನೂ ಒಂದ್ಸಲ ಚೆಕ್ ಮಾಡಿ. ನಾಳೆ ಬನ್ನಿ, ನೋಡೋಣ.

ಫೋನ್ ಇಟ್ಟ ಮೇಲೂ ದಾಕ್ಷಾಯಣಿಯ ಹುಬ್ಬು ಇಳಿಯಲಿಲ್ಲ.

ದಾಕ್ಷಾಯಣಿ: ಸಣ್ಣ ಹುಡಿಗಿ ಪಾಪ. ಆಕಿಗೆ ಚಿಕ್ಕಿ ಕತಿ ಗೊತ್ತಿಲ್ಲ.

ಮುರಿಗೆಪ್ಪ: ತಕ್ಕಡಿ ಚೆಕ್ ಮಾಡು ಅಂದಾಳಲ್ಲ, ಮಾಡೋಣು. ಹೊಸಾ ಗ್ಯಾಸ್ ಸಿಲಿಂಡರ್ ತಾ. ಸೀಲ್ ಒಡದಿಲ್ಲ. ಖಾಲಿ ತೂಕ ಅದರ ಮ್ಯಾಲೇ ಬರದಿರ್ತೈತಿ: ಹದಿನೈದು ಪಾಯಿಂಟ್ ಒಂಬತ್ತು. ಗ್ಯಾಸು ಹದಿನಾಕು ಪಾಯಿಂಟ್ ಎರಡು. ಒಟ್ಟು ಮೂವತ್ತು ಪಾಯಿಂಟ್ ಒಂದು ಬರಬೇಕು.

ದಾಕ್ಷಾಯಣಿ: ನೀವ ತರ್ರಿ.

ಮುರಿಗೆಪ್ಪ: ನಾ ಭಾರ ಎತ್ತಂಗಿಲ್ಲ. ದವಾಖಾನಿಯವ್ರು ಕೊಟ್ಟ ಚಾರ್ಟಿನ ಹಿಂದಿನ ಪುಟ, ಐದನೇ ಸಾಲು.

ಅವಳು ಗೊಣಗುತ್ತಲೇ ಸಿಲಿಂಡರನ್ನು ಉರುಳಿಸಿಕೊಂಡು ಬಂದು ತಕ್ಕಡಿಯ ಮೇಲೆ ನಿಲ್ಲಿಸಿದಳು. ಅಂಕಿ ಸ್ವಲ್ಪ ಓಲಾಡಿ ನಿಂತಿತು. ಮೂವತ್ತು ಪಾಯಿಂಟ್ ಒಂದು. ಮುರಿಗೆಪ್ಪ ತನ್ನ ಸಹಿಯ ಕಡೆ ಹೆಮ್ಮೆಯಿಂದ ನೋಡಿದ. ಆಮೇಲೆ, ಇದರಿಂದ ತನ್ನ ಕೇಸು ಇನ್ನಷ್ಟು ಕೆಟ್ಟಿತೆಂದು ಅವನಿಗೆ ಹೊಳೆಯಿತು.

ದಾಕ್ಷಾಯಣಿ: ತಕ್ಕಡಿ ಸರಿ ಐತಿ. ಇನ್ನ ಉಳದಿದ್ದು ನೀವು.

ಮುರಿಗೆಪ್ಪ: ಕಬ್ಬಿಣ ಅಲ್ಲಾಡಂಗಿಲ್ಲ. ಮನುಷ್ಯಾರನ್ನೂ ಒಮ್ಮೆ ಇಟ್ಟು ನೋಡಬೇಕು. ನೀ ನಿಂದ್ರು.

ದಾಕ್ಷಾಯಣಿ: ನಿಂದ್ರತೀನಿ, ನನಗೇನ್ ಅಂಜಿಕಿ? ನಿಮ್ಮನ್ನ ಭರ್ತಿ ಮಾಡಿದ ದಿನ ಅಲ್ಲೇ ನಾನೂ ತೂಕ ನೋಡೀನಿ. ಅರವತ್ತೊಂದು.

ಸೆರಗು ಸಿಕ್ಕಿಸಿಕೊಂಡು ಅವಳು ಹತ್ತಿದಳು. ಅಂಕಿ ಅರವತ್ತೊಂದನ್ನು ದಾಟಿತು. ಅರವತ್ತಮೂರನ್ನೂ ದಾಟಿತು. ಅರವತ್ತನಾಲ್ಕು ಪಾಯಿಂಟ್ ಎಂಟರ ಹತ್ತಿರ ನಿಂತು ಎರಡು ಸಲ ಮಿನುಗಿತು.



ಮುರಿಗೆಪ್ಪ: ದಾಕ್ಷಾ, ನನಗ ನಾಕ್ ಚಮಚ ಬ್ಯಾಳಿಕಟ್ಟಿಗೆ ನೀ ಎಷ್ಟು ಬ್ಯಾಳಿ ಇಡ್ತಿ?

ದಾಕ್ಷಾಯಣಿ: ಒಂದು ವಾಟಗ. ಅದಕ್ಕಿಂತ ಕಡಿಮಿ ಇಟ್ರ ಕುಕ್ಕರ್ ತಳ ಹತ್ತತೈತಿ.

ಮುರಿಗೆಪ್ಪ: ಉಳದದ್ದು?

ದಾಕ್ಷಾಯಣಿ: ಚೆಲ್ಲಾಕ ಬರ್ತೈತೇನ್ರಿ ಅನ್ನಾನ? ಒಂದು ರೊಟ್ಟಿ ಹಚ್ಚಿ ನಾ ಮುಗಸ್ತೀನಿ.

ಮುರಿಗೆಪ್ಪ: ಆರೂ ಹೊತ್ತು?

ದಾಕ್ಷಾಯಣಿ: ನೀವು ನೋಡಿ ಬಾಯಿ ಬಿಡಬಾರ್ದಂತ ಅಡಗಿಮನಿ ಬಾಗಿಲಾ ಹಾಕ್ಕೊಂಡು, ನಿಂತ ನಿಂತಲ್ಲೇ...

ಮಾತು ಅರ್ಧಕ್ಕೇ ನಿಂತಿತು. ಬಾಗಿಲು ಮುಚ್ಚಿಕೊಂಡು ಕದ್ದು ತಿನ್ನುತ್ತಿದ್ದವರು ಯಾರೆಂದು ಅವಳಿಗೇ ಕೇಳಿಸಿತ್ತು. ಅವಳು ತಕ್ಕಡಿಯಿಂದ ಇಳಿಯಲಿಲ್ಲ, ತಲೆಯನ್ನೂ ಎತ್ತಲಿಲ್ಲ.

ಮುರಿಗೆಪ್ಪ ತನ್ನ ಕೆಲಸದ ಬ್ಯಾಗಿನಿಂದ ಚೀಟಿಗಳ ಕಟ್ಟು ತೆಗೆದ. ಅವಳನ್ನು ಕೈಹಿಡಿದು ಇಳಿಸಿ, ಕುರ್ಚಿಯ ಮೇಲೆ ಕೂತು, ತಕ್ಕಡಿಯ ಹಸಿರು ಚೀಟಿಯನ್ನು ಉಗುರಿನಿಂದ ಕಿತ್ತ. ಅಲ್ಲಿ ಕೆಂಪು ಚೀಟಿ ಅಂಟಿಸಿ, ತಾರೀಕು ಬರೆದು ಸಹಿ ಹಾಕಿದ.

ದಾಕ್ಷಾಯಣಿ: ಇದೇನ್ರಿ?

ಮುರಿಗೆಪ್ಪ: ತಕ್ಕಡಿ ಕೆಟ್ಟೈತಿ. ಹೆಣ್ಮಕ್ಕಳಿಗೆ ಮೂರು ಕಿಲೋ ಎಂಟುನೂರು ಗ್ರಾಮ್ ಹೆಚ್ಚು ತೋರಸಾಕತ್ತೈತಿ.

ದಾಕ್ಷಾಯಣಿ: ಸಿಲಿಂಡರಿಗೆ ಸರಿ ತೋರಸ್ತಲ್ಲ?

ಮುರಿಗೆಪ್ಪ: ಸಿಲಿಂಡರ್ ಹೆಣ್ಮಗಳಲ್ಲ.

ಅವಳು ಅಡುಗೆಮನೆಗೆ ಹೋದಳು. ಈ ಸಲ ಬಾಗಿಲು ಮುಚ್ಚಲಿಲ್ಲ. ಬೇಳೆಕಟ್ಟಿನ ಹೊತ್ತಾಗಿತ್ತು. ಸ್ವಲ್ಪ ಹೊತ್ತಿಗೆ ಎರಡು ಸಣ್ಣ ಬಟ್ಟಲು ಹಿಡಿದು ಬಂದು ಮೇಜಿನ ಮೇಲಿಟ್ಟಳು.

ದಾಕ್ಷಾಯಣಿ: ನಾಳೆ ಸಬಾ ಮೇಡಂಗ ನಾನ ಹೇಳ್ತೀನಿ, ಬುಕ್ಕಿನ್ಯಾಗ ಇದ್ದದ್ದೆಲ್ಲಾ ಖರೇ ಅಂತ. ನಿಮಗ ಇಡ್ಲಿ ಕೊಡ್ಲಿ.

ಮುರಿಗೆಪ್ಪ ಬಟ್ಟಲುಗಳನ್ನು ನೋಡಿದ. ಎರಡರಲ್ಲೂ ಅಳೆದಂತೆ ನಾಲ್ಕೇ ಚಮಚ ಬೇಳೆಕಟ್ಟು.

ಮುರಿಗೆಪ್ಪ: ಒಂದು ನನಗ. ಇನ್ನೊಂದು ಯಾರಿಗೆ?

ದಾಕ್ಷಾಯಣಿ: ತಕ್ಕಡಿಗೆ. ರಿಪೇರಿ ಆಗೂ ತನಕ.