ಹೊರಗೆ ಲಾಕ್‌ಡೌನು, ಹಿತ್ತಿಲಲ್ಲಿ ಮಾವ

ಕೈಗೆ ಮಣ್ಣು ಮೆತ್ತಿಕೊಂಡವರ ಮನೆಯಲ್ಲಿ ನಗೋದಕ್ಕೆ ಏನಾದರೊಂದು ಆಗುತ್ತಲೇ ಇರುತ್ತದೆ. ಬೆಳೆ ಮಾತ್ರ ಯಾವಾಗಲೋ ಒಮ್ಮೆ ಆಗುತ್ತದೆ.

ನಾವಿರುವುದು ಐರ್ಲೆಂಡಿನ ಕಾರ್ಕ್ ಊರಿನ ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ. ಬಾಡಿಗೆ ಮನೆ, ಹಿಂದೆ ನಾಲ್ಕು ಮಂಚ ಹಾಕಿದರೆ ತುಂಬಿಹೋಗುವಷ್ಟು ಹಿತ್ತಿಲು. ನನ್ನ ಮಾವ, ಅಂದರೆ ಹೆಂಡತಿಯ ತಂದೆ, ತಿಪಟೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ರಿಟೈರ್ ಆದವರು. ಮೊಮ್ಮಗಳನ್ನು ನೋಡಲು ಮೂರು ತಿಂಗಳಿಗೆ ಅಂತ ಬಂದರು. ಅವರ ಹಿಂದೆಯೇ ಕೊರೊನಾ ಬಂತು. ವಿಮಾನ ನಿಂತಿತು, ಮಾವ ಇಲ್ಲೇ ಉಳಿದರು.

ನನ್ನ ಆಫೀಸು ಅಡುಗೆಮನೆ ಮೇಜಿಗೆ ಬಂದಿತ್ತು. ಏಳು ವರ್ಷದ ಮಗಳ ಸ್ಕೂಲು ಸೋಫಾ ಮೇಲೆ ನಡೆಯುತ್ತಿತ್ತು. ಹೆಂಡತಿ ಮಾತ್ರ ಆಸ್ಪತ್ರೆಯ ಲ್ಯಾಬಿಗೆ ದಿನವೂ ಹೋಗಲೇಬೇಕು. ಅವಳು ಹೊರಗೆ ಹೊರಟ ಕ್ಷಣದಿಂದ ಮಾವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂದು ದಿನ ಶೆಡ್ಡಿನಲ್ಲಿ ಯಾರೋ ಬಿಟ್ಟುಹೋಗಿದ್ದ ಗುದ್ದಲಿ ಕೈಗೆ ಸಿಕ್ಕಿತು. ಅಲ್ಲಿಂದ ಶುರು.

ಪಂಚೆ

ಡ್ರೈಯರ್‌ನಲ್ಲಿ ಬಟ್ಟೆ ಒಣಗಿಸುವುದು ಮಾವನಿಗೆ ಆಗದು. ಒಂದು ಬೆಳಗ್ಗೆ ಒಗೆದ ಪಂಚೆ ಹಿಡಿದು ಹಿತ್ತಿಲಿಗೆ ಹೋಗಿ ಆಕಾಶ ನೋಡಿದರು.

"ಮೋಡ ಎತ್ತರದಲ್ಲಿದೆ, ಗಾಳಿ ಹಗುರವಾಗಿದೆ. ಸಂಜೆವರೆಗೂ ಮಳೆ ಇಲ್ಲ ಅಳಿಯಂದಿರೇ, ಬೇಕಾದ್ರೆ ಬರ್ಕೊಳಿ."

ನಾನು ಪೆನ್ನು ಹುಡುಕುವಷ್ಟರಲ್ಲಿ ಹನಿ ಬಿತ್ತು. ಪಂಚೆ ಒಳಗೆ ಬಂತು. ಬಿಸಿಲು ಬಂತು, ಪಂಚೆ ಹೊರಗೆ ಹೋಯಿತು. ಆಲಿಕಲ್ಲು ಬಿತ್ತು, ಮತ್ತೆ ಒಳಗೆ. ನಾನು ಒಂದು ಮೀಟಿಂಗ್ ಮುಗಿಸುವುದರೊಳಗೆ ಆ ಪಂಚೆ ಒಂಬತ್ತು ಸಲ ಬಾಗಿಲು ದಾಟಿತು.

ಬೇಲಿಯಾಚೆ ಪಕ್ಕದ ಮನೆಯ ಅಜ್ಜಿ ನಿಂತಿದ್ದರು. ಎಪ್ಪತ್ತೈದು ದಾಟಿದ ಐರಿಷ್ ಹೆಂಗಸು, ಒಂಟಿಯಾಗಿದ್ದಾರೆ, ಗಿಡಗಳೇ ಬಂಧು ಬಳಗ. ಜಿನುಗುವ ಮಳೆಯಲ್ಲೇ ಕತ್ತರಿ ಆಡಿಸುತ್ತಾ, "ಇದು ಮಳೆಯಲ್ಲ, ನಾವು ಇದನ್ನ ಸಾಫ್ಟ್ ಡೇ ಅಂತೀವಿ" ಅಂದರು.

"ಇದು ಮೆತ್ತಗಿನ ದಿನ ಆದ್ರೆ, ಗಟ್ಟಿ ದಿನ ಬಂದಾಗ ನನ್ನನ್ನ ಒಳಗೆ ಕಟ್ಟಿಹಾಕಿ" ಅಂತ ಮಾವ ನನಗೆ ಹೇಳಿ ಕುರ್ಚಿಯಲ್ಲಿ ಕುಸಿದರು.

ಸಂಜೆ ಹೆಂಡತಿ ಬಂದು, "ಅಪ್ಪ, ಪಂಚೆ ಒಣಗ್ತಾ?" ಅಂತ ಕೇಳಿದಳು.

"ಪಂಚೆ ಒಣಗಲಿಲ್ಲ ಕಣಮ್ಮ. ನಾನು ಒಣಗಿಹೋದೆ."

ಹುಳಕ್ಕೆ

ಕೊತ್ತಂಬರಿ ಮೊಳಕೆ ಬಂದ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆವು. ಮೂರನೇ ದಿನ ನೋಡಿದರೆ ಪಾತಿ ಬೋಳು. ಮಣ್ಣಿನ ಮೇಲೆ ಬೆಳ್ಳಿಗೆರೆ ಎಳೆದಂತೆ ಅಂಟು. ಚಿಪ್ಪಿಲ್ಲದ ಬಸವನಹುಳದಂಥ ಪ್ರಾಣಿ, ಇಲ್ಲಿ ಅದಕ್ಕೆ ಸ್ಲಗ್ ಅನ್ನುತ್ತಾರೆ. ನಮಗಿಂತ ಮುಂಚೆ ಅದರ ಊಟ ಆಗಿತ್ತು.

ಅಜ್ಜಿ ಬೇಲಿಯಾಚೆಯಿಂದ ಮದ್ದು ಹೇಳಿದರು. ಮಣ್ಣಿನಲ್ಲಿ ಲೋಟ ಹೂತು ಅದರಲ್ಲಿ ಬಿಯರ್ ಹಾಕಿ, ವಾಸನೆಗೆ ಬಂದು ಬಿದ್ದು ಸಾಯುತ್ತವೆ.

ಮಾವ ಜನ್ಮದಲ್ಲಿ ಹೆಂಡದಂಗಡಿ ಇರುವ ಬೀದಿಯಲ್ಲಿ ನಡೆದವರಲ್ಲ. ಆದರೆ ಕೊತ್ತಂಬರಿ ಸೇಡು ದೊಡ್ಡದು. ನನ್ನ ಜೊತೆ ಮಾಸ್ಕ್ ಹಾಕಿಕೊಂಡು ಸೂಪರ್‌ಮಾರ್ಕೆಟ್ಟಿಗೆ ಬಂದು, "ಹುಳಕ್ಕೆ ತಾನೆ, ಸೋವಿದು ಸಾಕು" ಅಂತ ಅವರೇ ಆರಿಸಿ ಆರು ಕ್ಯಾನ್ ತಂದರು. ಅಡುಗೆಮನೆ ಕಟ್ಟೆ ಮೇಲೆ ಸಾಲಾಗಿ ಇಟ್ಟರು. ಒಂದನ್ನು ಕೈಯಲ್ಲಿ ಹಿಡಿದು ಮುಚ್ಚಳ ತೆಗೆಯುವುದು ಹೇಗೆ ಅಂತ ನೋಡುತ್ತಿರುವಾಗಲೇ ತಿಪಟೂರಿನಿಂದ ಅವರ ಅಕ್ಕನ ವಿಡಿಯೋ ಕಾಲ್ ಬಂತು. ಪಕ್ಕದಲ್ಲಿ ಆಡುತ್ತಿದ್ದ ಮಗಳು ಫೋನೆತ್ತಿ ಸೀದಾ ತಾತನ ಕಡೆ ಹಿಡಿದಳು.

ಆ ಕಡೆ ಅಕ್ಕ ಕನ್ನಡಕ ಏರಿಸಿಕೊಂಡರು. ಆಮೇಲೆ, "ಲೋ, ಏನೋ ಅದು ಕೈಯಲ್ಲಿ?"

"ಅಕ್ಕಾ, ಇದು ನನಗಲ್ಲ. ಹುಳಕ್ಕೆ."

"ನಮ್ಮ ಭಾವನೂ ಹಂಗೇ ಅಂತಿದ್ದ. ಹೊಟ್ಟೆಲಿರೋ ಹುಳ ಸಾಯ್ಲಿ ಅಂತ ಶುರು ಮಾಡ್ದ. ಹುಳ ಸಾಯ್ಲಿಲ್ಲ, ಹೊಲ ಹೋಯ್ತು."

ನಿಂತವನು

ಬಟಾಣಿ ಬಳ್ಳಿಗೆ ಪಾರಿವಾಳದ ಕಾಟ ಶುರುವಾದಾಗ ಮಾವ ಬೆದರುಬೊಂಬೆ ಮಾಡಿದರು. ಎರಡು ಕೋಲು, ಒಂದು ದಿಂಬು, ನನ್ನ ನೀಲಿ ಆಫೀಸ್ ಶರಟು, ತಲೆಗೆ ನನ್ನದೇ ಉಲ್ಲನ್ ಟೋಪಿ. ಮುಖಕ್ಕೆ ಒಂದು ಮಾಸ್ಕ್ ಕೂಡ ಕಟ್ಟಿದರು. ಕಾನೂನು ಎಲ್ಲರಿಗೂ ಒಂದೇ ಅಂತೆ.

ಮಾರನೇ ದಿನ ಧಾರಾಕಾರ ಮಳೆ. ನಾನು ಒಳಗೆ ಮೀಟಿಂಗಿನಲ್ಲಿದ್ದೆ. ಹೆಂಡತಿ ಲ್ಯಾಬಿನಿಂದ ಮೇಲಿಂದ ಮೇಲೆ ಮೂರು ಸಲ ಫೋನ್ ಮಾಡಿದಳು. ಗಾಬರಿಯಾಗಿ ಎತ್ತಿದೆ.

"ರೀ, ಎಲ್ಲಿದ್ದೀರಿ? ಅಪ್ಪನ ಹತ್ರ ಜಗಳ ಆಡಿದ್ರಾ?"

"ಇಲ್ವಲ್ಲ. ಯಾಕೆ?"

"ಪಕ್ಕದ ಮನೆ ಅಜ್ಜಿ ಫೋನ್ ಮಾಡಿದ್ರು. ನಿನ್ನ ಗಂಡ ಬೆಳಗಿನಿಂದ ಮಳೇಲಿ ಕೈ ಚಾಚ್ಕೊಂಡು ನಿಂತಿದ್ದಾನೆ, ಕರೆದ್ರೆ ಮಾತಾಡಲ್ಲ, ಲಾಕ್‌ಡೌನ್ ತುಂಬಾ ಜನರ ತಲೆ ಕೆಡಿಸಿದೆ, ಡಾಕ್ಟರಿಗೆ ತೋರಿಸು ಅಂತಿದ್ದಾರೆ!"

ನಾನು ಹೊರಗೆ ಹೋಗಿ ಬೊಂಬೆಯ ಪಕ್ಕ ನಿಂತು ಅಜ್ಜಿಗೆ ಕೈ ಬೀಸಿದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಅದನ್ನು ನೋಡಿ ಎದೆ ಮೇಲೆ ಕೈಯಿಟ್ಟುಕೊಂಡರು. "ಸದ್ಯ! ನನಗೆ ಅನುಮಾನ ಬಂದಿತ್ತು. ನೀನು ಯಾವತ್ತೂ ಅಷ್ಟು ನೆಟ್ಟಗೆ ನಿಂತವನಲ್ಲ."

ಮರ್ಯಾದೆ

ಮಾವ ಮಣ್ಣು ಕೆದಕಿದರೆ ಸಾಕು, ಕೆಂಪೆದೆಯ ಪುಟ್ಟ ರಾಬಿನ್ ಹಕ್ಕಿ ಗುದ್ದಲಿ ಕಾವಿನ ಮೇಲೆ ಬಂದು ಕೂರುತ್ತಿತ್ತು. ಎರೆಹುಳಕ್ಕೆ. ಮಾವ ಅದರ ಜೊತೆ ಮಾತಾಡುತ್ತಿದ್ದರು. ನನ್ನ ಹೆಂಡತಿಯ ಕಾರು ಬರುವುದು ತಡವಾದ ದಿನ ಆ ಮಾತು ಜಾಸ್ತಿ. "ಬಾರೋ ಮರಿ, ಬಾರೋ. ಇನ್ನೂ ಬಂದಿಲ್ಲ ಕಣೋ ನನ್ನ ಮಗಳು." ಕಾರಿನ ಸದ್ದು ಕೇಳುವವರೆಗೂ ಇಲ್ಲದ ಕಳೆಯನ್ನು ಕೀಳುತ್ತಾ ಹಿತ್ತಿಲಲ್ಲೇ ಇರುತ್ತಿದ್ದರು. ನಾನು ಒಳಗಿನಿಂದ ನೋಡುತ್ತಿದ್ದೆ.

ಬೇಲಿಯಾಚೆ ಅಜ್ಜಿಯೂ ದಿನಾ ಕೇಳಿಸಿಕೊಳ್ಳುತ್ತಿದ್ದರು. 'ಬಾರೋ' ಅಂದರೆ ಕನ್ನಡದಲ್ಲಿ ಗುಡ್ ಮಾರ್ನಿಂಗ್ ಇರಬೇಕು ಅಂದುಕೊಂಡರು. ಒಂದು ಬೆಳಗ್ಗೆ ಮಾವ ಹೊರಗೆ ಕಾಲಿಟ್ಟಿದ್ದೇ ತಡ, ಅಜ್ಜಿ ಕೈ ಎತ್ತಿ ಗಟ್ಟಿಯಾಗಿ ಕೂಗಿದರು.

"ಬಾರೋ!"

ಮಾವ ಕಲ್ಲಾಗಿ ನಿಂತರು. ಒಳಗೆ ಬಂದು, "ಮೂವತ್ತು ವರ್ಷ ಮೇಷ್ಟ್ರಾಗಿದ್ದೆ ಅಳಿಯಂದಿರೇ, ಹೆಡ್‌ಮಾಸ್ಟರೂ ನನ್ನನ್ನ ಹಿಂಗೆ ಕರೆದಿರಲಿಲ್ಲ" ಅಂದರು.

ತಿದ್ದುವ ಕೆಲಸ ನನ್ನ ಮಗಳಿಗೆ ಬಂತು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಕಾರ್ಕಿನ ರಾಗದ ಇಂಗ್ಲಿಷು. "ಡೋಂಟ್ ವರಿ ತಾತ, ಇಟ್ಸ್ ಗ್ರ್ಯಾಂಡ್" ಅಂದು ಬೇಲಿಯ ಹತ್ತಿರ ಓಡಿದಳು. ನಾನೂ ಹಿಂದೆ ಹೋದೆ. ಆ ವಾರ ಹಿಂದಿನ ಬಯಲಿನಿಂದ ಮೊಲಗಳು ನುಗ್ಗಿ ಅಜ್ಜಿಯ ಲೆಟ್ಯೂಸ್ ಸೊಪ್ಪನ್ನು ಅರ್ಧ ಮುಗಿಸಿದ್ದವು. ಅವರು ಆ ಸಂಕಟದಲ್ಲೇ ಇದ್ದರು.

ಮಗಳು ದೊಡ್ಡವರ ಜೊತೆ ಹಾಗೆಲ್ಲ ಮಾತಾಡಬಾರದು ಅಂತ ಇಂಗ್ಲಿಷಿನಲ್ಲಿ ವಿವರಿಸಿ, ತಾತನ ಕಡೆ ಕೈ ತೋರಿಸಿ, ಹೇಳಬೇಕಾದ ಮಾತನ್ನು ಜೋರಾಗಿ ಹೇಳಿಕೊಟ್ಟಳು.

"ಬನ್ನಿ!"

ಅಜ್ಜಿ ಬೆಚ್ಚಿಬಿದ್ದರು. ಇಂಗ್ಲಿಷಿನಲ್ಲಿ ಮಕ್ಕಳು ಮೊಲಕ್ಕೆ ಬನ್ನಿ ಅನ್ನುತ್ತಾರೆ ಅನ್ನುವುದು ನಮಗೆ ಹೊಳೆಯುವಷ್ಟರಲ್ಲಿ ಅವರು ಕಸಬರಿಗೆ ಎತ್ತಿಕೊಂಡು ಸೊಪ್ಪಿನ ಪಾತಿಯ ಕಡೆ ಓಡಿಯಾಗಿತ್ತು.

ಮಾವ ನೋಡುತ್ತಾ ನಿಂತರು. "ಬಾರೋ ಅಂತಾನೇ ಕರೀಲಿ ಬಿಡಿ. ಗೌರವ ಕೊಡೋಕೆ ಹೋಗಿ ಈ ವಯಸ್ಸಲ್ಲಿ ಸೊಂಟ ಮುರ್ಕೊಂಡಾರು."

ಗೊಬ್ಬರ

ಚಳಿಗಾಲ ಕಳೆಯಿತು, ಮತ್ತೊಂದು ಲಾಕ್‌ಡೌನು ಬಂತು. ಮಾವ ಇನ್ನೂ ಇಲ್ಲೇ. ಮಾರ್ಚ್ ತಿಂಗಳಲ್ಲಿ ಆಲೂಗಡ್ಡೆ ನೆಡಬೇಕು ಅಂತ ಅಜ್ಜಿ ಹೇಳಿದ್ದೇ ತಡ, ಮಾವ ಕೊಟ್ಟಿಗೆ ಗೊಬ್ಬರ ಬೇಕೇಬೇಕು ಅಂತ ಹಟ ಹಿಡಿದರು. ಹಸು ಸಾಕಿದ ರೈತನೊಬ್ಬ ಪುಕ್ಕಟೆ ಕೊಡುತ್ತೇನೆ ಅಂದ. ಆದರೆ ಅವನ ಮನೆ ಒಂಬತ್ತು ಕಿಲೋಮೀಟರ್ ದೂರ. ಲಾಕ್‌ಡೌನಿನ ನಿಯಮದಲ್ಲಿ ನಮಗೆ ಹೋಗಲು ಬಿಟ್ಟಿದ್ದು ಐದೇ.

"ಸಿಕ್ಕಿಬಿದ್ರೆ ದಂಡ ಹಾಕ್ತಾರೆ ಮಾವ. ನನ್ನ ವರ್ಕ್ ಪರ್ಮಿಟ್ ರಿನ್ಯೂವಲ್ ಬೇರೆ ಇದೆ" ಅಂದೆ.

"ಆಲೂಗಡ್ಡೆ ಊಟ ತಾನೆ? ಊಟ ಎಸೆನ್ಷಿಯಲ್ಲು ತಾನೆ?" ಅಂದರು ಮಾವ. ಮೇಷ್ಟ್ರ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.

ಹೋಗುವಾಗ ರಸ್ತೆ ಖಾಲಿ. ಡಿಕ್ಕಿ ತುಂಬಾ ನಾಲ್ಕು ಚೀಲ ಹಸೀ ಗೊಬ್ಬರ ಹೇರಿಕೊಂಡು ಬರುವಾಗ ತಿರುವಿನಲ್ಲಿ ಚೆಕ್‌ಪೋಸ್ಟು. ಗಾರ್ಡಾ, ಅಂದರೆ ಇಲ್ಲಿನ ಪೊಲೀಸು, ಕೈ ಅಡ್ಡ ಹಿಡಿದ. ಎತ್ತರದ ಆಳು, ಮುಖಕ್ಕೆ ಎರಡು ಮಾಸ್ಕ್. ನನ್ನ ಕೈ ಸ್ಟೀರಿಂಗಿಗೆ ಅಂಟಿಕೊಂಡಿತು.

"ಎಲ್ಲಿಂದ ಬರ್ತಿದ್ದೀರಿ?"

"ಊ... ಊಟದ ಸಾಮಾನು ತರೋಕೆ ಹೋಗಿದ್ವಿ ಸರ್."

"ಮನೆ ಹತ್ತಿರ ಸಿಗಲ್ವಾ?"

"ಇದು... ಸ್ವಲ್ಪ ಸ್ಪೆಷಲ್ ಸರ್."

"ಡಿಕ್ಕಿ ತೆಗೀರಿ."

ಒಳಗಿನಿಂದಲೇ ಗುಂಡಿ ಒತ್ತಿದೆ. ಕಣ್ಮುಂದೆ ದಂಡ, ಪರ್ಮಿಟ್ಟು, ವಿಮಾನ ಎಲ್ಲ ಸಾಲಾಗಿ ಹಾದುಹೋದವು. ಕನ್ನಡಿಯಲ್ಲಿ ನೋಡುತ್ತಿದ್ದೆ. ಅವನು ಬಾಗಿದ, ಒಂದು ಚೀಲದ ಬಾಯಿ ಬಿಚ್ಚಿದ, ಚೇಳು ಕುಟುಕಿದವನಂತೆ ಹಿಂದಕ್ಕೆ ಹಾರಿದ.

"ಜೀಸಸ್! ಏನಿದು ವಾಸನೆ!"

ನಾನು ಕಣ್ಣು ಮುಚ್ಚಿಕೊಂಡೆ. ಪಕ್ಕದ ಸೀಟಿನಲ್ಲಿ ಮಾವ ಕಿಟಕಿ ಇಳಿಸುವ ಸದ್ದು ಕೇಳಿಸಿತು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮಗಳು ದಿನವೂ ಮನೆಗೆ ಬಂದು ರೋಗದ ಲಕ್ಷಣಗಳನ್ನು ಹೇಳಿ ಹೇಳಿ ಅವರಿಗೆ ಬಾಯಿಪಾಠ ಆಗಿತ್ತು. ತಲೆ ಹೊರಗೆ ಹಾಕಿ, ಕ್ಲಾಸಿನಲ್ಲಿ ಸರಿಯುತ್ತರ ಕೊಟ್ಟ ಹುಡುಗನ ಬೆನ್ನು ತಟ್ಟುವ ದನಿಯಲ್ಲಿ, ಇಂಗ್ಲಿಷಿನಲ್ಲೇ ಕೇಳಿದರು.

"ಎರಡು ಮಾಸ್ಕ್ ಹಾಕ್ಕೊಂಡೂ ವಾಸನೆ ಬಂತಾ ಸರ್? ಕಂಗ್ರಾಜುಲೇಷನ್ಸ್! ನಿಮಗೆ ಕೊರೊನಾ ಇಲ್ಲ!"

ಗಾರ್ಡಾ ಕಾರಿನ ಹಿಂಭಾಗಕ್ಕೆ ಕೈ ಕೊಟ್ಟು ಬಗ್ಗಿ ನಗತೊಡಗಿದ. ನಗು ನಿಂತ ಮೇಲೆ ಡಿಕ್ಕಿ ಮುಚ್ಚಿ ಕಿಟಕಿಗೆ ಬಂದು, ಇನ್ನು ಈ ಕಡೆ ಬರಬೇಡಿ, ಸೀದಾ ಮನೆಗೆ ಹೋಗಿ ಅಂದ. ನಾನು ಗೇರ್ ಹಾಕುವಷ್ಟರಲ್ಲಿ ಅವನು ರಸ್ತೆಯಾಚೆ ನಿಂತಿದ್ದ ತನ್ನ ಸಹೋದ್ಯೋಗಿಯನ್ನು ಕೂಗಿ ಕರೆದ.

"ಏಯ್, ಇಲ್ಲಿ ಬಾ! ಬೆಳಗಿನಿಂದ ತಲೆನೋವು ಅಂತಿದ್ಯಲ್ಲ, ಈ ಡಿಕ್ಕಿ ಒಂದ್ಸಲ ಮೂಸಿ ನೋಡು!"