ತಿಮ್ಮಮ್ಮನ ಮೂಗು

"ಹೇಳ್ರೀ ಧರ್ಮಪ್ಪನೋರೆ, ನಿಮ್ಮ ಮನೆಯೋರ ಮೂಗು ಹೆಂಗಿತ್ತು?" ಎಂದು ಪರಮಶಿವಪ್ಪ ಕುಂಚ ಎತ್ತಿ ಹಿಡಿದು ಕೇಳಿದ್ದೇ ಎಲ್ಲ ಫಜೀತಿಗೂ ಮೂಲವಾಯಿತು.

ಧರ್ಮಪ್ಪನಿಗೆ ಗೊತ್ತಿದ್ದರೆ ತಾನೆ! ಹಿರಿಯರಿದ್ದ ಮನೆಯಲ್ಲಿ ಹೆಂಡತಿಯ ಮುಖ ನೋಡುತ್ತ ಕೂರುವುದುಂಟೇ? ತಿಮ್ಮಮ್ಮ ತಲೆತುಂಬ ಸೆರಗು ಹೊದ್ದು ಬಡಿಸುತ್ತಿದ್ದಳು, ಇವನು ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ಹಿರಿಯರು ಹೋದ ಮೇಲೂ ಆ ರೂಢಿ ಬಿಡಲಿಲ್ಲ. ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆಂದು ಅವಳ ತಾಯಿ ಗುಡ್ಡಮ್ಮ ಹೆದರಿಸಿದ್ದರಿಂದ ಒಂದು ಫೋಟೋವೂ ಇರಲಿಲ್ಲ. ಹೋದ ವರ್ಷ ಜ್ವರ ಬಂದು ತಿಮ್ಮಮ್ಮನೇ ಇಲ್ಲವಾದಳು.

ನಾಳೆ ವರ್ಷದ ಎಡೆ. ಅವಳ ಮುಖ ಅವನ ಮನಸ್ಸಿನಲ್ಲಿ ದಿನದಿನಕ್ಕೂ ಮಸುಕಾಗುತ್ತಿತ್ತು. ಪೂರ್ತಿ ಅಳಿಸಿಹೋಗುವ ಮೊದಲೇ ಹಿಡಿದಿಡಬೇಕೆಂದು, ಸೊರಬಕ್ಕೆ ನಾಟಕದ ಪರದೆ ಬರೆಯಲು ಬಂದಿದ್ದ ಶಿಕಾರಿಪುರದ ಈ ಪರಮಶಿವಪ್ಪನನ್ನು ಕೈಮುಗಿದು ಕರೆತಂದಿದ್ದ.

"ನನ್ನ ಕೇಳ್ರಿ," ಎನ್ನುತ್ತ ಪಕ್ಕದ ಮನೆಯ ಬಸಕ್ಕ ಒದ್ದೆ ಕೈ ಒರೆಸಿಕೊಂಡು ಒಳಬಂದಳು. "ಥೇಟ್ ನನ್ನ ಮೂಗೇ. ಹಿಂಗೆ ಕೂತ್ಕೊಂಡ್ರೆ ಸಾಕಾ?"

"ನಿನ್ನ ಮೂಗಾ? ತಿಮ್ಮಮ್ಮ ಅಂಥ ಪಾಪ ಏನು ಮಾಡಿದ್ಲು?" ಎದುರುಮನೆಯ ಲೋಕಪ್ಪ ಜಗಲಿಯಿಂದಲೇ ಕೂಗಿದ. "ಆಕೇದು ಗಿಣಿ ಮೂಗು. ನನ್ನ ತಂಗೀದು ಇದ್ದಂಗೆ."

ಮೂಗು ರೊಟ್ಟಿಹಿಟ್ಟಿನ ಹಾಗೆ ಒಮ್ಮೆ ಉದ್ದವಾಯಿತು, ಒಮ್ಮೆ ಚಪ್ಪಟೆಯಾಯಿತು. ಅಷ್ಟರಲ್ಲಿ ಬೀದಿಯವರೆಲ್ಲ ನೆರೆದರು. ಕೆನ್ನೆ ತುಂಬಿತು, ಹುಬ್ಬು ಬಾಗಿತು. ಅವಳು ಬದುಕಿದ್ದಾಗ ಒಂದು ಲೋಟ ಮಜ್ಜಿಗೆ ಕೊಡದವರು ಈಗ ಕೈತುಂಬ ಚೆಲುವು ಕೊಟ್ಟರು.

"ಸಾಕು ಮಾಡ್ರಪ್ಪಾ, ನನಗೆ ಬಸ್ಸು ತಪ್ತದೆ!" ಪರಮಶಿವಪ್ಪ ಬೆವರೊರೆಸಿಕೊಂಡ. "ಧರ್ಮಪ್ಪನೋರೆ, ನಿಮಗೆ ನೆನಪಿರೋದು ಒಂದಾದ್ರೂ ಹೇಳ್ರಿ."

ಧರ್ಮಪ್ಪ ಮೆಲ್ಲನೆ ಹೇಳಿದ: "ಬಲಗೈ. ಹೆಬ್ಬೆರಳಿನ ಬುಡದಲ್ಲಿ ಕಾವಲಿ ತಾಗಿ ಸುಟ್ಟ ಕಲೆ, ಹುಣಸೆಬೀಜದಷ್ಟು. ಸಾಕು ಅಂದ್ರೂ ಆ ಕೈ ಇನ್ನೊಂದು ಹಿಡಿ ಅನ್ನ ಹಾಕೋದು."

ಪರಮಶಿವಪ್ಪ ಆ ಕೈ ಬರೆದ, ಕಲೆ ಇಟ್ಟ. ಧರ್ಮಪ್ಪ ಬಗ್ಗಿ ನೋಡಿದ. ಅವಳದೇ ಕೈ! ಕಾಫಿ ತರುತ್ತೇನೆಂದು ಒಳಗೆ ಹೋದವನು ಒಲೆಯ ಮುಂದೆ ಕೂತು ಅತ್ತುಬಿಟ್ಟ.

ಕಾಫಿ ಹಿಡಿದು ಬರುವಾಗ ಪರಮಶಿವಪ್ಪ ಬಸ್ಸಿಗೆ ಓಡಿಯಾಗಿತ್ತು. ಚಿತ್ರದ ಕೈ ಬಾಳೆದಿಂಡಿನಂತೆ ನುಣ್ಣಗಿತ್ತು.

"ಎಡೆ ಇಡೋ ಚಿತ್ರಕ್ಕೆ ಸುಟ್ಟ ಕಲೆ ಯಾಕೆ ಧರ್ಮಣ್ಣ? ನಾನೇ ಹೇಳಿ ಅದರ ಮೇಲೆ ಬಣ್ಣ ಬಳಿಸಿಬಿಟ್ಟೆ," ಎಂದಳು ಬಸಕ್ಕ, ದೊಡ್ಡ ಉಪಕಾರ ಮಾಡಿದವಳಂತೆ.

ಸಂಜೆ ಕುಪ್ಪಗಡ್ಡೆಯಿಂದ ಗುಡ್ಡಮ್ಮ ಬಂದಳು. ಹೆತ್ತ ಕಣ್ಣಿಗಾದರೂ ಗುರುತು ಸಿಕ್ಕೀತೆಂದು ಧರ್ಮಪ್ಪ ಬಾಗಿಲ ಮರೆಯಲ್ಲಿ ಉಸಿರು ಹಿಡಿದು ನಿಂತ. ಮುದುಕಿ ಚಿತ್ರದ ಮುಂದೆ ಬಗ್ಗಿ ಹಣೆ, ಮೂಗು, ಕೆನ್ನೆ, ಕೈ ಎಲ್ಲವನ್ನೂ ಬಹಳ ಹೊತ್ತು ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಧರ್ಮಪ್ಪನ ಎದೆ ತುಂಬಿಬಂತು.

"ಹುಡುಗಿ ಲಕ್ಷಣವಾಗಿದಾಳೆ," ಎಂದಳು ಗುಡ್ಡಮ್ಮ. "ನಾನು ಬ್ಯಾಡ ಅನ್ನಲ್ಲ ಅಳಿಯಂದಿರೇ. ಎಷ್ಟು ದಿನ ಅಂತ ನೀವೇ ಬೇಯಿಸ್ಕೊಂಡು ಉಣ್ತೀರಿ? ಮದುವೆ ಮಾಡ್ಕೊಳ್ರಿ. ಯಾವೂರ ಹೆಣ್ಣು?"

ಬಾಗಿಲಲ್ಲಿ ಇಣುಕುತ್ತಿದ್ದ ಬಸಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇದು ನಿಮ್ಮ ಮಗಳೇ ಎಂದು ಆ ಹೆತ್ತವಳಿಗೆ ಹೇಳುವ ಬಾಯಿ ಯಾರಿಗಿದೆ?

"ಶಿಕಾರಿಪುರದ ಕಡೆ..." ಎಂದ ಧರ್ಮಪ್ಪ.

"ಆಗ್ಲಿ. ನಾಳೆ ಒಂದಿನ ಮಾತ್ರ ಇದನ್ನ ಒಳಗಿಡಿ. ನನ್ನ ಮಗಳ ಎಡೆ ಮುಂದೆ ಬ್ಯಾಡ." ಗುಡ್ಡಮ್ಮ ಚಿತ್ರವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಅಡಿಗೆಮನೆಗೆ ಹೋದಳು.

ಅವಳು ಹೋದ ಕಡೆಯೇ ನೋಡುತ್ತಿದ್ದ ಬಸಕ್ಕ ಹಣೆ ಬಡಿದುಕೊಂಡಳು. "ಅಯ್ಯೋ ಧರ್ಮಣ್ಣ, ಮರೆತೇಬಿಟ್ಟಿದ್ದೆ! ತಿಮ್ಮಮ್ಮ ಥೇಟ್ ಅವರವ್ವನ ಪಡಿಯಚ್ಚು ಅಲ್ವಾ? ಮೂಗು, ಕಣ್ಣು ಎಲ್ಲಾ ಅದೇ. ಇವರನ್ನೇ ಕರೆಸಿ ಕೂರಿಸಿದ್ರೆ ಮುಗೀತಿತ್ತಲ್ಲ!"

ರಾತ್ರಿ ಧರ್ಮಪ್ಪ ಊಟಕ್ಕೆ ಕೂತ. ಸಾಕು ಅಂದರೂ ಗುಡ್ಡಮ್ಮನ ಕೈ ಇನ್ನೊಂದು ಹಿಡಿ ಅನ್ನ ಹಾಕಿತು. ತಲೆ ಎತ್ತಿದರೆ ಸಾಕು, ಬೇಕಾದ ಮುಖ ಅಲ್ಲೇ ಇತ್ತು.

ಆದರೆ ಅತ್ತೆಯ ಮುಖವನ್ನು ದಿಟ್ಟಿಸಿ ನೋಡುವುದುಂಟೇ? ಧರ್ಮಪ್ಪ ತಟ್ಟೆ ನೋಡಿಕೊಂಡು ಉಂಡ.