ಅಳಿಯಂದಿರ ಮಂಡಿ

ಕಡ್ಲೆಕಾಯಿ ಕೀಳಲು ಬನ್ನಿ ಎಂದು ಐ.ಡಿ.ಹಳ್ಳಿಯಿಂದ ಅತ್ತೆ ದೊಡ್ಡಕ್ಕ ಫೋನ್ ಮಾಡಿದಾಗ, ತಿಪ್ಪೇರುದ್ರ ಮಂಡಿನೋವು ಎಂದುಬಿಟ್ಟ. ಅವನ ಮಂಡಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಆದರೆ ಅದೇ ಭಾನುವಾರ ಕೊಡಿಗೇನಹಳ್ಳಿಯಲ್ಲಿ ಟ್ರಯಥ್ಲಾನ್. ಕೆರೆಯಲ್ಲಿ ಈಜಿ, ಸೈಕಲ್ ತುಳಿದು, ಕೊನೆಗೆ ಓಡಬೇಕು, ನಡುವೆ ಕೂರುವಂತಿಲ್ಲ. ಮಧುಗಿರಿಯ ಈ ಗುಮಾಸ್ತ ಹಿಂದಿನ ಎರಡು ವರ್ಷವೂ ಎರಡನೆಯವನಾಗಿದ್ದ. ಈ ಸಲವೂ ಸೋತರೆ ಸೈಕಲ್ಲನ್ನು ಅಟ್ಟಕ್ಕೆ ಹಾಕುವುದಾಗಿ ಹೆಂಡತಿಗೆ ಮಾತು ಕೊಟ್ಟಿದ್ದ.

ಎಲ್ಲರಿಗಿಂತ ಮೊದಲು ನೀರಿನಿಂದೆದ್ದು ಸೈಕಲ್ಲಿನ ಕಡೆ ಓಡಿದ. ಅದರ ಪಕ್ಕದಲ್ಲೇ ಎಣ್ಣೆ ಸೀಸೆ ಹಿಡಿದು ದೊಡ್ಡಕ್ಕ ನಿಂತಿದ್ದಳು. ಅಳಿಯನ ಮಂಡಿಗೆಂದು ನಾಟಿ ವೈದ್ಯರ ಹತ್ತಿರ ಎಣ್ಣೆ ತರಲು ಬಂದವಳು ಗುಂಪು ನೋಡಿ ಅಲ್ಲೇ ಉಳಿದಿದ್ದಳು.

ತಿಪ್ಪೇರುದ್ರ, ಗುರುತು ಸಿಗದಿರಲೆಂದು, ಈಜುವ ಟೋಪಿ, ಕನ್ನಡಕ ತೆಗೆಯದೆ, ಅದರ ಮೇಲೇ ಹೆಲ್ಮೆಟ್ ಸಿಕ್ಕಿಸಿ ಸೈಕಲ್ ಹತ್ತಿದ. ಓಟವಂತೂ ಕೆರೆ ಏರಿಯ ಮೇಲೇ ಸುತ್ತುವುದು. ಪ್ರತಿ ಸುತ್ತಿಗೂ ಅತ್ತೆ ಎದುರು! ಅವಳು ಕಂಡಾಗಲೆಲ್ಲ ದೆವ್ವ ಅಟ್ಟಿಸಿಕೊಂಡು ಬಂದಂತೆ ಓಡಿದ. ಇವನು ಮನುಷ್ಯನೇ ಹೌದೇ ಎಂದು ಜನ ಬೆರಗಾದರು. ಅವನಿಗೂ ಬೆರಗು, ಕಾಲುಗಳು ತನ್ನವೇ ಎಂದು ನಂಬಲಾಗಲಿಲ್ಲ.

ಮೊದಲನೆಯವನಾಗಿ ಗೆರೆ ದಾಟಿ ಕುಸಿದವನಿಗೆ ನೀರು ಕೊಟ್ಟವಳೂ ದೊಡ್ಡಕ್ಕನೇ.

"ಎಂತಾ ಕಾಲಪ್ಪ ನಿಂದು. ನಮ್ಮ ಅಳಿಯಂದ್ರಿಗೆ ಇದ್ರಾಗೆ ಅರ್ಧ ಬಲ ಇದ್ದಿದ್ರೆ ಸಾಕಾಗಿತ್ತು. ಪಾಪ, ಎದ್ದು ನಿಲ್ಲಾಕೂ ಆಗಕಿಲ್ವಂತೆ."

ತಿಪ್ಪೇರುದ್ರನಿಗೆ ನಾಚಿಕೆಯಾಯಿತು. ಕನ್ನಡಕದೊಳಗೇ ಕಣ್ಣು ಮುಚ್ಚಿಕೊಂಡ.

ಅಷ್ಟರಲ್ಲಿ, ಯಾರೂ ಕರೆಯದಿದ್ದರೂ ಎಲ್ಲ ಕಡೆ ಮೈಕ್ ಹಿಡಿಯುವ ಅವನ ಆಫೀಸಿನ ಜಯಣ್ಣ, ಗೆದ್ದವನ ಹೆಸರನ್ನೂ, ಅವನು ಐ.ಡಿ.ಹಳ್ಳಿಯ ಅಳಿಯನೆಂಬುದನ್ನೂ ಕೆರೆಗೆಲ್ಲ ಕೇಳುವಂತೆ ಸಾರಿದ. ಸಾಲದ್ದಕ್ಕೆ ಓಡಿಬಂದು ಟೋಪಿ, ಕನ್ನಡಕ ಕಿತ್ತು, ಹಾರ ಹಾಕಿ, ಬಹುಮಾನದ ಕಪ್ಪನ್ನು ಕೈಗಿತ್ತ.

ದೊಡ್ಡಕ್ಕನ ಕೈಯಿಂದ ಸೀಸೆ ಜಾರಿತು. ತಿಪ್ಪೇರುದ್ರ ಬೈಸಿಕೊಳ್ಳಲು ತಲೆ ತಗ್ಗಿಸಿದ. ಅತ್ತೆ ಬೈಯಲಿಲ್ಲ. ಅವನ ಎರಡೂ ಮಂಡಿ ಮುಟ್ಟಿ ನೋಡಿ, ತನ್ನೂರಿನ ದಿಕ್ಕಿಗೆ ತಿರುಗಿ ಕೈಮುಗಿದಳು. ಅವಳ ಕಣ್ಣಲ್ಲಿ ನೀರಾಡಿತು.

"ಗುಡ್ಡದ ರಂಗಪ್ಪ, ನೀನು ದೊಡ್ಡೋನು ಕಣಪ್ಪ. ಮೊನ್ನೆ ಹರಕೆ ಕಟ್ಕಂಡೆ, ಇವತ್ತೇ ವಾಸಿ ಮಾಡ್ಬುಟ್ಟೆ."

"ಏನು ಹರಕೆ ಅತ್ತೆ?" ಎಂದ ತಿಪ್ಪೇರುದ್ರ ಮೆಲ್ಲಗೆ.

"ನೋವು ಹೋದ್ರೆ ನಮ್ಮಳಿಯಂದ್ರು ಗುಡ್ಡದ ಮೆಟ್ಲೆಲ್ಲಾ ಮಂಡಿಗಾಲಲ್ಲೇ ಹತ್ತುತಾರೆ ಅಂತ. ಏಳಿ ಅಳಿಯಂದ್ರೆ, ಬಸ್ಸೈತೆ. ಇವತ್ತೇ ತೀರ್ಸ್ಬುಡಾನ."

ತಿಪ್ಪೇರುದ್ರ ಬಗ್ಗಿ ಎಣ್ಣೆ ಸೀಸೆ ಎತ್ತಿದ. ಪುಣ್ಯಕ್ಕೆ ಒಡೆದಿರಲಿಲ್ಲ. ಗೆದ್ದ ಕಪ್ಪನ್ನು ಜಯಣ್ಣನ ಕೈಗೆ ಕೊಟ್ಟು, ಸೀಸೆಯನ್ನು ಜೋಪಾನವಾಗಿ ಎದೆಗವಚಿಕೊಂಡ.